ಮೈದಾನಕ್ಕೂ ಬೇಕು ಒಬ್ಬ ನೀರುಗಂಟಿ

ಸಂಜೆ ನಾಲ್ಕೂಕಾಲರ ಸುಮಾರಿಗೆ ಶಾಲೆಯ ಕೊನೆಯ ಗಂಟೆ ಹೊಡೆಯಿತೆಂದರೆ ಊರಿನ ಮೈದಾನಕ್ಕೆ ಒಮ್ಮೆಲೇ ನಾಲ್ಕಾರು ಮಂದಿ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಹೈಸ್ಕೂಲಿನ ಹುಡುಗಿಯರಿಗೆ ಖೋ ಖೋ ಅಭ್ಯಾಸ ಮಾಡಬೇಕು. ಹುಡುಗರಿಗೆ ಕಬಡ್ಡಿ. ಪಿಯು ಕಾಲೇಜಿನವರು ವಾಲಿಬಾಲ್ ನೆಟ್ಟನ್ನು ಹೆಗಲ ಮೇಲೆ ಹೊತ್ತು ತಂದಿರುತ್ತಾರೆ. ಪೊಲೀಸು, ಮಿಲಿಟರಿ ಎಂದು ಭರ್ತಿಯ ಕನಸು ಕಾಣುವ ತರುಣರಿಗೆ ಅಂಚಿನಲ್ಲಿ ನಾಲ್ಕು ಸುತ್ತು ಓಡಿದರೆ ಸಾಕು. ಪ್ರೈಮರಿ ಶಾಲೆಯ ಪುಟಾಣಿಗಳಿಗಂತೂ ಸುಮ್ಮನೆ ಓಡಬೇಕು, ಅದಕ್ಕೆ ಕಾರಣ ಬೇಕಿಲ್ಲ. ಇವರೆಲ್ಲ ಇನ್ನೂ ಚಪ್ಪಲಿ ಬಿಟ್ಟು, ಚೀಲ ಇಟ್ಟು, ಸುಣ್ಣದ ಗೆರೆ ಎಲ್ಲಿತ್ತೆಂದು ಹುಡುಕುತ್ತಿರುವಾಗಲೇ ಒಂದು ಬೈಕು ಬಂದು ನಿಲ್ಲುತ್ತದೆ. ಹಿಂದೆ ಕೂತವನ ಕಂಕುಳಲ್ಲಿ ಮೂರು ವಿಕೆಟ್ಟು. ಅವನ್ನು ಮೈದಾನದ ನಟ್ಟನಡುವೆ ನೆಟ್ಟದ್ದೇ ತಡ, ಮಾಲೀಕತ್ವದ ಪ್ರಶ್ನೆ ಇತ್ಯರ್ಥವಾದಂತೆ.

"ಅಣ್ಣಾ, ಒಂಚೂರು ಜಾಗ ಬಿಡ್ರಣ್ಣಾ, ಮುಂದಿನ ವಾರ ಹೋಬಳಿ ಸ್ಪೋರ್ಟ್ಸ್ ಐತೆ."

"ಇನ್ನೊಂದೇ ಓವರ್ ಕಣಮ್ಮಾ, ಮುಗೀತು."

ಆ ಒಂದೇ ಓವರ್ ಹೊತ್ತು ಮುಳುಗಿದರೂ ಮುಗಿಯುವುದಿಲ್ಲವೆಂಬುದು ಮೈದಾನ ಇರುವ ಊರುಗಳಿಗೆಲ್ಲ ಗೊತ್ತಿರುವ ಸಂಗತಿ. ಇದರಲ್ಲಿ ಯಾರೂ ದುಷ್ಟರಲ್ಲ. ಹುಡುಗರು ಒರಟರೂ ಅಲ್ಲ, ಹುಡುಗಿಯರು ಅಂಜುಬುರುಕಿಯರೂ ಅಲ್ಲ. ಇಲ್ಲಿ ಇಲ್ಲದಿರುವುದು ಒಂದು ಕಟ್ಟಳೆ. ಕಟ್ಟಳೆ ಇಲ್ಲದ ಕಡೆ ಮೊದಲು ಬಂದವನದು ಒಂದು ಹಕ್ಕು, ದೊಡ್ಡ ದನಿಯವನದು ಇನ್ನೊಂದು ಹಕ್ಕು. ಉಳಿದವರದು ಬರೀ ವಿನಂತಿ.

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಗೂಳೂರು, ನಾಗವಲ್ಲಿ ದಾಟಿದ ಮೇಲೆ ಹೆಬ್ಬೂರು ಸಿಗುತ್ತದೆ. ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತ ತೆಂಗು, ಅಡಿಕೆ, ರಾಗಿ. ಹೋಬಳಿ ಕೇಂದ್ರವೆಂದ ಮೇಲೆ ನಾಡಕಚೇರಿ, ಪೊಲೀಸ್ ಠಾಣೆ ಎಲ್ಲ ಇರಬೇಕಾದ್ದೇ. ಜೊತೆಗೆ ಅಕ್ಕಪಕ್ಕದ ಹಳ್ಳಿಗಳ ಮಕ್ಕಳು ಓದಿಗೆಂದು ಬಸ್ಸು ಹತ್ತಿ ಬರುವುದೂ ಇಂಥ ಊರುಗಳಿಗೇ. ಹಾಗಾಗಿ ಹೆಬ್ಬೂರಿನಂಥ ಊರಿನಲ್ಲಿ ಒಂದು ಮೈದಾನವೆಂದರೆ ಅದು ಒಂದು ಊರಿನದಲ್ಲ, ಸುತ್ತಲ ಹತ್ತಾರು ಹಳ್ಳಿಗಳದು. ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಓಟದ ಕುದುರೆಗಳನ್ನು ಬೆಳೆಸಿ ಹೆಸರಾದ ಕುಣಿಗಲ್ ಸ್ಟಡ್ ಫಾರಂ. ಅದರ ವಿಸ್ತಾರ ನಾನೂರು ಎಕರೆಗೂ ಮಿಗಿಲು. ಕುದುರೆ ಓಡಬೇಕಾದರೆ ಜಾಗ ಬೇಕೆಂಬುದು ಟಿಪ್ಪುವಿನ ಕಾಲದಿಂದಲೂ ಎಲ್ಲರಿಗೂ ಅರ್ಥವಾದ ಮಾತು. ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಕಾನೂನು ಹೇಳಿಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಯೆಂದರೆ ಏನೇನಿರಬೇಕೆಂದು ಪಟ್ಟಿಯೇ ಇದೆ. ಕೊಠಡಿ, ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಕಾಂಪೌಂಡು ಇವುಗಳ ಸಾಲಿನಲ್ಲೇ ಆಟದ ಮೈದಾನವೂ ಇದೆ. ಆದರೆ ಅಲ್ಲಿರುವುದು ಆ ಒಂದು ಮಾತಷ್ಟೇ. ಎಷ್ಟು ದೊಡ್ಡದಿರಬೇಕು, ಯಾರು ಯಾವಾಗ ಆಡಬೇಕು ಎಂಬುದೆಲ್ಲ ಊರಿಗೆ ಬಿಟ್ಟ ವಿಚಾರ. ಊರು ಅದನ್ನು ಮೈದಾನಕ್ಕೇ ಬಿಟ್ಟಿದೆ!

ಆ ಮೈದಾನವಾದರೂ ಆಟಕ್ಕೇ ಮೀಸಲೆ? ವರ್ಷದ ಲೆಕ್ಕ ತೆಗೆದು ನೋಡಿ. ಆಗಸ್ಟ್ 15ಕ್ಕೆ ಕವಾಯತು, ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ, ನವೆಂಬರಿನಲ್ಲಿ ರಾಜ್ಯೋತ್ಸವ, ಸುಗ್ಗಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ರಾಗಿ ಒಕ್ಕಣೆ, ಮದುವೆಯ ಕಾಲದಲ್ಲಿ ಕಾರು ನಿಲ್ಲಿಸುವ ಜಾಗ, ಚುನಾವಣೆ ಬಂದರೆ ಭಾಷಣದ ವೇದಿಕೆ. ಇವೆಲ್ಲ ಊರಿಗೆ ಬೇಕಾದವೇ. ಆದರೆ ಶಾಮಿಯಾನ ಕಿತ್ತುಕೊಂಡು ಹೋದವರು ಗೂಟದ ಗುಂಡಿಗಳನ್ನು ಮಾತ್ರ ಮಕ್ಕಳಿಗೆ ಬಿಟ್ಟು ಹೋಗುತ್ತಾರೆ. ಬರಿಗಾಲಿನಲ್ಲಿ ಖೋ ಖೋ ಆಡುವ ಹುಡುಗಿಗೆ ಒಂದು ಗುಂಡಿ, ಒಂದು ಒಡೆದ ಬಾಟಲಿನ ಚೂರು ಸಾಕು, ಆ ವರ್ಷದ ಆಟ ಮುಗಿಯಲು.

ಜಾಗ ಸಾಲದು ಎಂಬುದು ಎಲ್ಲರ ಬಾಯಲ್ಲಿರುವ ದೂರು. ನಿಜವೇ? ಒಮ್ಮೆ ಪಟ್ಟಿ ಹಿಡಿದು ಅಳೆದು ನೋಡಬಹುದು. ನೂರು ಮೀಟರ್ ಉದ್ದ, ಅರವತ್ತು ಮೀಟರ್ ಅಗಲದ ಒಂದು ಸಾಧಾರಣ ಮೈದಾನವೆಂದುಕೊಳ್ಳೋಣ. ಆರು ಸಾವಿರ ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ. ಕಬಡ್ಡಿ ಅಂಕಣಕ್ಕೆ ಬೇಕಾದ್ದು 13 ಮೀಟರ್ ಉದ್ದ, 10 ಮೀಟರ್ ಅಗಲ. ಖೋ ಖೋಗೆ 27ಕ್ಕೆ 16. ವಾಲಿಬಾಲಿಗೆ 18ಕ್ಕೆ 9. ಥ್ರೋಬಾಲಿಗೆ 18.30ಕ್ಕೆ 12.20. ನಾಲ್ಕನ್ನೂ ಕೂಡಿದರೆ ಸಾವಿರ ಚದರ ಮೀಟರೂ ಆಗುವುದಿಲ್ಲ. ಮೈದಾನದ ಆರನೆಯ ಒಂದು ಪಾಲಿಗಿಂತ ಕಡಿಮೆ! ಚೆಂಡು ಹಾರಲು, ಆಟಗಾರರು ಓಡಿ ನಿಲ್ಲಲು, ನೋಡುವವರು ಕೂರಲು ಎಂದು ಆ ಜಾಗವನ್ನು ಮೂರು ಪಟ್ಟು ಮಾಡಿದರೂ ಅರ್ಧ ಮೈದಾನ ಇನ್ನೂ ಖಾಲಿ ಬಿದ್ದಿರುತ್ತದೆ.

ಆಟಗಾರರ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಈ ನಾಲ್ಕು ಅಂಕಣಗಳಲ್ಲಿ ಏಕಕಾಲಕ್ಕೆ ಕಬಡ್ಡಿಯ 14, ಖೋ ಖೋದ 12, ವಾಲಿಬಾಲಿನ 12, ಥ್ರೋಬಾಲಿನ 14, ಒಟ್ಟು 52 ಮಕ್ಕಳು ಆಡುತ್ತಿರುತ್ತಾರೆ. ಕ್ರಿಕೆಟ್ಟಿಗೆ ಇಡೀ ಒಂದೂವರೆ ಎಕರೆ ಬೇಕು, ಅದೂ ಸಾಲದು. ಹಾಗಿದ್ದೂ ಅಂಗಳದಲ್ಲಿರುವವರು ಫೀಲ್ಡಿಂಗಿನ ಹನ್ನೊಂದು, ಬ್ಯಾಟಿಂಗಿನ ಇಬ್ಬರು, ಒಟ್ಟು ಹದಿಮೂರು ಜನ. ಮಿಕ್ಕ ಒಂಬತ್ತು ಮಂದಿ ಬೇವಿನ ಮರದ ಕೆಳಗೆ ಕೂತು ಅಂಪೈರನ್ನು ಬೈಯುತ್ತಿರುತ್ತಾರೆ. ಕ್ರಿಕೆಟ್ ಬೇಡವೆಂದು ಇದರ ಅರ್ಥವಲ್ಲ. ಭದ್ರಾವತಿಯಿಂದ ಹೋದ ಗುಂಡಪ್ಪ ವಿಶ್ವನಾಥರ ನಾಡಿನಲ್ಲಿ ಹಾಗೆ ಹೇಳುವ ಧೈರ್ಯ ಯಾರಿಗಿದೆ? ಆದರೆ ಹದಿಮೂರು ಜನರ ಆಟ ದಿನವೂ, ಅದೇ ಹೊತ್ತಿಗೆ, ಐವತ್ತೆರಡು ಜನರ ಆಟವನ್ನು ಗೋಡೆಯ ಪಕ್ಕಕ್ಕೆ ತಳ್ಳಬಾರದು ಎಂದು ಹೇಳಲು ಧೈರ್ಯ ಬೇಕಿಲ್ಲ, ಕೂಡಿ ಕಳೆಯುವ ಲೆಕ್ಕ ಬಂದರೆ ಸಾಕು.

ಹಾಗಾದರೆ ಕೊರತೆ ಇರುವುದು ಯಾವುದಕ್ಕೆ? ಹೊತ್ತಿಗೆ. ಶಾಲೆ ಬಿಟ್ಟು ಕತ್ತಲಾಗುವವರೆಗೆ ಸಿಗುವುದು ಎರಡು ಗಂಟೆ. ಚಳಿಗಾಲದಲ್ಲಿ ಅದೂ ಇಲ್ಲ. ವಾರಕ್ಕೆ ಹನ್ನೆರಡು ಗಂಟೆಯೆಂದು ಹಿಡಿಯಿರಿ. ಈ ಹನ್ನೆರಡು ಗಂಟೆ ಎಲ್ಲರಿಗೂ ಒಂದೇ ಬೆಲೆಯದಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಊರೊಳಗಿನ ಹುಡುಗ ಬೆಳಿಗ್ಗೆ ಆರಕ್ಕೆ ಬಂದಾನು, ಭಾನುವಾರ ಇಡೀ ದಿನ ಬಂದಾನು, ಎಲ್‌ಇಡಿ ದೀಪ ಕಟ್ಟಿದರೆ ರಾತ್ರಿ ಹತ್ತಕ್ಕೂ ಬಂದಾನು. ಹತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವ ಹುಡುಗಿಯ ಪಾಡು ಬೇರೆ. ಬೆಳಿಗ್ಗೆ ಅವಳ ಬಸ್ಸು ಬರುವುದೇ ಶಾಲೆಯ ಹೊತ್ತಿಗೆ. ಸಂಜೆ ಕೊನೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಗಾಬರಿ. ಎರಡು ಸಲ ತಪ್ಪಿದರೆ "ಆಟಾನೂ ಬೇಡ, ಗೀಟಾನೂ ಬೇಡ" ಎಂಬ ತೀರ್ಪು. ಭಾನುವಾರ ಮನೆಗೆಲಸ, ತೋಟದ ಕೆಲಸ. ಅವಳಿಗಿರುವುದು ನಾಲ್ಕೂವರೆಯಿಂದ ಐದೂವರೆಯವರೆಗಿನ ಒಂದು ಗಂಟೆ. ಅದು ಹೋದರೆ ಅವಳಿಗೆ ಬದಲಿ ಹೊತ್ತಿಲ್ಲ. "ಇನ್ನೊಂದೇ ಓವರ್" ಎಂದವನು ಕೇಳಿದ್ದು ಹತ್ತು ನಿಮಿಷವಿರಬಹುದು, ಅವಳಿಂದ ಹೋದದ್ದು ಆ ದಿನದ ಆಟ.

ಹೋಗುವುದು ಬರೀ ಆಟವೂ ಅಲ್ಲ. ಶಾಲಾ ಕ್ರೀಡೆಯಲ್ಲಿ ಮೆಟ್ಟಿಲುಗಳಿವೆ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಹೋಬಳಿ ಮಟ್ಟದಲ್ಲಿ ಸೋತವರಿಗೆ ಆ ವರ್ಷ ಮೇಲಿನ ಮೆಟ್ಟಿಲಿಲ್ಲ. ಖೋ ಖೋದಂಥ ಆಟದಲ್ಲಿ ಒಬ್ಬಳ ಓಟದಿಂದ ಏನೂ ಆಗದು. ಎಂಟು ಮಂದಿ ಸಾಲಿನಲ್ಲಿ ಕೂತು, ಬೆನ್ನು ತಟ್ಟಿಸಿಕೊಂಡು, ಎದ್ದು ಓಡುವ ಲಯ ದಿನದಿನವೂ ಕೂಡಿ ಆಡಿದರೆ ಮಾತ್ರ ಬರುತ್ತದೆ. ಅದನ್ನು ಮನೆಯ ಅಂಗಳದಲ್ಲಿ ಕಲಿಯಲಾಗದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ವನಿತೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕುರುಬೂರೂ ಹೆಬ್ಬೂರಿನ ಹಾಗೆ ಹೊಲ ತೋಟಗಳ ನಡುವಿನ ಊರೇ. ವಿಶ್ವಕಪ್ಪಿನ ಕಡೆಗಿನ ಓಟ ಶುರುವಾಗುವುದೂ ಹಳ್ಳಿ ಶಾಲೆಯ ಸುಣ್ಣದ ಗೆರೆಯಿಂದಲೇ. ಆ ಗೆರೆಯ ಮೇಲೆ ದಿನವೂ ಓಡುವ ಅವಕಾಶ ಇತ್ತೋ ಇಲ್ಲವೋ ಎಂಬುದರಲ್ಲೇ ವ್ಯತ್ಯಾಸ.

ಈ ತಾಪತ್ರಯ ಹಳ್ಳಿಗಷ್ಟೇ ಅಂಟಿದ್ದಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ 2014ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಬಂದಾಗ, ಅಲ್ಲೇ ಅಭ್ಯಾಸ ಮಾಡುತ್ತಿದ್ದ ಅಥ್ಲೀಟುಗಳು ಪೇಚಿಗೆ ಬಿದ್ದರು. ಫುಟ್‌ಬಾಲಿಗೆ ಹಸಿರು ಹುಲ್ಲು ನುಣ್ಣಗಿರಬೇಕು. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬಂದು ಬೀಳುವುದೂ ಅದೇ ಹುಲ್ಲಿನ ಮೇಲೆ. ಮಾತು ಬೆಳೆದು ಹೈಕೋರ್ಟಿನವರೆಗೂ ಹೋಯಿತು. ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ, ಒಬ್ಬ ಹಿರಿಯ ಅಧಿಕಾರಿ ನಾಯಿಯೊಡನೆ ವಾಯುವಿಹಾರಕ್ಕೆ ಬರುವರೆಂದು ಸಂಜೆ ಏಳಕ್ಕೆಲ್ಲ ಆಟಗಾರರನ್ನು ಹೊರಗೆ ಕಳಿಸಲಾಗುತ್ತಿದೆ ಎಂಬ ದೂರು 2022ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬಂತು. ದೆಹಲಿ ಸರ್ಕಾರ ತನ್ನ ಕ್ರೀಡಾಂಗಣಗಳೆಲ್ಲ ರಾತ್ರಿ ಹತ್ತರವರೆಗೆ ತೆರೆದಿರಬೇಕೆಂದು ಹೇಳಿತು. ಹೊಸ ಮೈದಾನವನ್ನೇನೂ ಕಟ್ಟಲಿಲ್ಲ, ಗಡಿಯಾರದಲ್ಲಿ ಮೂರು ಗಂಟೆ ಸೇರಿಸಿದರು, ಅಷ್ಟೇ.

ದೂರದ ಅಮೆರಿಕದಲ್ಲೂ ಇದೇ ಕಥೆ. ಲಾಸ್ ಏಂಜಲೀಸ್ ನಗರದಲ್ಲಿ ಹುಡುಗರ ಬೇಸ್‌ಬಾಲ್ ತಂಡಗಳಿಗೆ ನಗರಸಭೆಯ ಮೈದಾನಗಳು ವರ್ಷ ವರ್ಷವೂ ತಪ್ಪದೆ ದಕ್ಕುತ್ತಿದ್ದವು. ಹುಡುಗಿಯರ ಸಾಫ್ಟ್‌ಬಾಲ್ ತಂಡಗಳು ಸಿಕ್ಕ ಕಡೆ ಆಡಿಕೊಳ್ಳಬೇಕಿತ್ತು. 1998ರಲ್ಲಿ ಹುಡುಗಿಯರ ಕಡೆಯವರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜಿಯಾಯಿತು. 2004ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ, ಊರಿನ ಮೈದಾನ ಹಂಚುವಾಗ ಹುಡುಗ ಹುಡುಗಿ ಎಂಬ ಭೇದ ಮಾಡುವಂತಿಲ್ಲವೆಂದು ಕಾನೂನನ್ನೇ ಮಾಡಿತು. ಸಿರಿವಂತ ದೇಶದಲ್ಲೂ "ಮೊದಲಿನಿಂದ ಬಂದ ಪದ್ಧತಿ" ಎಂಬುದು ಮೊದಲಿನಿಂದ ಬಂದವರಿಗೇ ಅನುಕೂಲ!

ಹಂಚಿಕೊಂಡು ಬಾಳಿದ ಉದಾಹರಣೆಯೂ ಉಂಟು. ಮುಂಬಯಿಯ ಆಜಾದ್ ಮೈದಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ರಿಕೆಟ್ ಪಿಚ್ಚುಗಳಿವೆ. ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಫೀಲ್ಡರಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಹೊಸಬರಿಗೆ ಅದೊಂದು ಸಂತೆ. ಆದರೆ ಯಾವ ಚೆಂಡು ಯಾರದು ಎಂಬುದು ಆಡುವವರಿಗೆ ಗೊತ್ತು. 1988ರ ಫೆಬ್ರುವರಿಯಲ್ಲಿ ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಹುಡುಗರು 664 ರನ್ನುಗಳ ಜೊತೆಯಾಟ ಆಡಿದ್ದು ಈ ಗಿಜಿಗಿಜಿಯ ನಡುವೆಯೇ.

ಹಂಚಿಕೊಳ್ಳುವ ವಿದ್ಯೆಗೆ ಮುಂಬಯಿಗೇ ಹೋಗಬೇಕೆಂದೇನೂ ಇಲ್ಲ. ತುಮಕೂರು ಸೀಮೆಯ ಕೆರೆಗಳ ಕೆಳಗೆ ಅದು ಹಿಂದಿನಿಂದ ಇದ್ದದ್ದೇ. ತೂಬಿನ ಪಕ್ಕದ ಗದ್ದೆಗೆ ನೀರು ತಾನಾಗಿ ಹರಿದು ಬರುತ್ತದೆ. ಕೊನೆಯ ಗದ್ದೆಗೆ ಯಾರಾದರೂ ಹಾಯಿಸಿದರೆ ಮಾತ್ರ ಉಂಟು. ಅದಕ್ಕೆಂದೇ ಊರಿಗೊಬ್ಬ ನೀರುಗಂಟಿ. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಇಂದು ಯಾರ ಪಾಳಿ, ನಾಳೆ ಯಾರ ಪಾಳಿ ಎಂದು ಅವನು ಹೇಳಿದ್ದೇ ಮಾತು. ಸುಗ್ಗಿಯಲ್ಲಿ ರೈತರೆಲ್ಲ ಅವನಿಗೆ ಇಷ್ಟಿಷ್ಟು ಕಾಳು ಕೊಡುತ್ತಿದ್ದರು. ಮೇಲಿನ ಗದ್ದೆಯವನೂ ಕೊಡುತ್ತಿದ್ದ, ಕೊನೆಯ ಗದ್ದೆಯವನೂ ಕೊಡುತ್ತಿದ್ದ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಅವನ ಅಗತ್ಯ ಅಷ್ಟಾಗಿ ಕಾಣುತ್ತಿರಲಿಲ್ಲ, ನೀರು ಕಡಿಮೆಯಾದ ವರ್ಷ ಅವನಿಲ್ಲದೆ ಬೆಳೆಯೇ ಇಲ್ಲ. ಕೆರೆಯ ನೀರು ಉಣ್ಣುವ ಬಯಲಿಗೆ ಕನ್ನಡದಲ್ಲಿ ಅಚ್ಚುಕಟ್ಟು ಎಂದು ಹೆಸರು. ಓರಣವಾಗಿರುವುದಕ್ಕೂ ಅದೇ ಮಾತು. ಹೀಗೆ ಹೆಸರಿಟ್ಟ ಹಿರಿಯರು ಸುಮ್ಮನೆ ಇಟ್ಟಿರಲಾರರು.

ಮೈದಾನಕ್ಕೂ ಅಂಥ ಒಬ್ಬ ನೀರುಗಂಟಿ ಬೇಕು. ದೈಹಿಕ ಶಿಕ್ಷಣದ ಮೇಷ್ಟ್ರು ಆಗಬಹುದು. ಆದರೆ ಎಲ್ಲವನ್ನೂ ಅವರೊಬ್ಬರ ಸೀಟಿಯ ಮೇಲೆ ಹೊರಿಸುವುದು ಸರಿಯಲ್ಲ. ಶಾಲೆಯ ಹುಡುಗರೇನೋ ಅವರ ಮಾತು ಕೇಳುತ್ತಾರೆ. ಶಾಲೆ ಬಿಟ್ಟು ಹತ್ತು ವರ್ಷವಾದ ಬ್ಯಾಟ್ಸ್‌ಮನ್ "ನಮಸ್ಕಾರ ಸಾರ್" ಎಂದು ವಿನಯದಿಂದಲೇ ಹೇಳಿ ಬ್ಯಾಟಿಂಗ್ ಮುಂದುವರಿಸುತ್ತಾನೆ. ಅವರ ಹಿಂದೆ ಊರು ನಿಲ್ಲಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ, ಅದರಲ್ಲಿ ತಂದೆತಾಯಿಯರೇ ಇದ್ದಾರೆ. ಗ್ರಾಮ ಪಂಚಾಯಿತಿಯಿದೆ. ಇವರೆಲ್ಲ ಒಂದು ಸಂಜೆ, ಕ್ರಿಕೆಟ್ ಹುಡುಗರನ್ನೂ ಖೋ ಖೋ ಹುಡುಗಿಯರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿಕೊಂಡು, ವಾರದ ಹನ್ನೆರಡು ಗಂಟೆಯನ್ನು ಹಂಚಬೇಕು.

ಹಂಚುವಾಗ ಸಮಪಾಲು ಎಂದು ಹೊರಟರೆ ನ್ಯಾಯ ಸಿಗದು. ಬೇರೆ ಹೊತ್ತು ಇಲ್ಲದವರಿಗೆ ಮೊದಲ ಹೊತ್ತು ಎಂಬುದೊಂದನ್ನು ಒಪ್ಪಿಕೊಂಡರೆ ಮಿಕ್ಕದ್ದು ಸಲೀಸು. ಬಸ್ಸಿನಲ್ಲಿ ಬರುವ ಮಕ್ಕಳಿಗೆ, ಪುಟಾಣಿಗಳಿಗೆ ನಾಲ್ಕೂವರೆಯಿಂದ ಐದೂವರೆ. ಆಮೇಲೆ ಊರೊಳಗಿನವರು. ಕ್ರಿಕೆಟ್ಟಿಗೆ ವಾರದ ದಿನಗಳಲ್ಲಿ ಅರ್ಧ ಮೈದಾನ, ಭಾನುವಾರ ಪೂರ್ತಿ. ಓಡುವವರಿಗೆ ಬೆಳಗಿನ ಹೊತ್ತು. ಹೋಬಳಿ ಕ್ರೀಡಾಕೂಟದ ಹಿಂದಿನ ಮೂರು ವಾರ ಯಾವ ಕಪ್ಪಿನ ಟೂರ್ನಿಗೂ ಮೈದಾನ ಇಲ್ಲ, ಕಪ್ಪಿಗೆ ಯಾವ ಮುಖಂಡರ ಹೆಸರಿದ್ದರೂ ಸರಿ. ಸಭೆ ಸಮಾರಂಭಕ್ಕೆ ಕೊಟ್ಟರೆ ಮುಂಗಡ ಹಣ ಇಟ್ಟುಕೊಂಡು, ಗುಂಡಿ ಮುಚ್ಚಿ ಕಸ ತೆಗೆದ ಮೇಲೆ ವಾಪಸು. ಮಳೆಯಲ್ಲಿ ಯಾರ ಪಾಳಿ ಕೊಚ್ಚಿಹೋಯಿತೋ ಅವರಿಗೆ ಮುಂದಿನ ವಾರ ಒಂದು ಹೊತ್ತು ಹೆಚ್ಚಿಗೆ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಶಾಲೆಯ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಬರೆಸಬೇಕು. ಬರೆದದ್ದಕ್ಕೆ ಒಂದು ಗುಣವಿದೆ. ಆರನೇ ಕ್ಲಾಸಿನ ಹುಡುಗಿಯೂ ಬೆರಳು ತೋರಿಸಿ "ಅಣ್ಣಾ, ಈಗ ನಮ್ ಟೈಮು" ಎನ್ನಬಹುದು. ಅವಳು ಯಾರ ಮಗಳು, ಯಾವ ಕೇರಿಯವಳು, ಅವಳ ದನಿ ಎಷ್ಟು ದೊಡ್ಡದು ಎಂಬುದು ಆಗ ಮುಖ್ಯವಾಗುವುದಿಲ್ಲ. ಅವಳು ಬೇಡುತ್ತಿಲ್ಲ, ಓದಿ ಹೇಳುತ್ತಿದ್ದಾಳೆ.

ತಂದೆತಾಯಿಯರಿಗೂ ಒಂದು ಮಾತು. ಪರೀಕ್ಷೆ ಹತ್ತಿರ ಬಂತೆಂದು ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರೆ ಸಂತೋಷಪಡುವವರೇ ಹೆಚ್ಚು. ಮಗ ಆಡಿಕೊಂಡು ಬಂದರೆ "ಹುಡುಗರು ತಾನೇ" ಎಂದು ನೀರು ಕೊಡುವ ಮನೆಯೇ, ಮಗಳು ಅರ್ಧ ಗಂಟೆ ತಡವಾದರೆ ಬಾಗಿಲಲ್ಲಿ ನಿಂತಿರುತ್ತದೆ. ಅವಳಿಗೆ ನಾಲ್ಕೂವರೆಯ ಪಾಳಿ ಗೋಡೆಯ ಮೇಲೆ ಬರೆದಿದೆ, ಐದೂವರೆಗೆ ಬಿಡುತ್ತಾರೆ, ಆರರ ಬಸ್ಸಿಗೆ ಮೇಷ್ಟ್ರೇ ಹತ್ತಿಸುತ್ತಾರೆ ಎಂದು ಖಾತ್ರಿಯಿದ್ದರೆ ಎಷ್ಟೋ ಅಪ್ಪಂದಿರು ಬೇಡವೆನ್ನುವುದಿಲ್ಲ. ಅವರ ಅಂಜಿಕೆ ಆಟದ ಮೇಲಲ್ಲ, ಗೊತ್ತುಗುರಿಯಿಲ್ಲದ ಹೊತ್ತಿನ ಮೇಲೆ.

ಮಕ್ಕಳಿಗಂತೂ ಈ ಹಂಚಿಕೆಯೇ ಒಂದು ಪಾಠ. ಚೆನ್ನಾಗಿ ಆಡುತ್ತಿರುವಾಗ, ಇನ್ನೂ ಬೆಳಕಿರುವಾಗ, ಗೆಲ್ಲಲು ನಾಲ್ಕೇ ರನ್ನು ಬಾಕಿಯಿರುವಾಗ, ಗಂಟೆ ನೋಡಿ ವಿಕೆಟ್ಟು ಕಿತ್ತುಕೊಂಡು ಬದಿಗೆ ಸರಿಯುವುದು ಸುಲಭವಲ್ಲ. ಸರಿದ ಹುಡುಗ ಮುಂದೆ ಬಸ್ಸಿನ ಸೀಟಿನಲ್ಲಿ, ಕಚೇರಿಯ ಸಾಲಿನಲ್ಲಿ, ಬೋರ್‌ವೆಲ್ಲಿನ ನೀರಿನಲ್ಲಿ ಇನ್ನೊಬ್ಬರ ಪಾಳಿಯನ್ನು ಗುರುತಿಸಬಲ್ಲ. ಹೋಬಳಿ ಕ್ರೀಡಾಕೂಟ ಹತ್ತಿರವಾಗುವ ಮೊದಲು ಪ್ರತಿ ಊರಿನಲ್ಲೂ ಅಂಥದೊಂದು ಪಟ್ಟಿ ಗೋಡೆಗೆ ಬರಲಿ. ಅದಕ್ಕೆ ಬೇಕಾದ್ದು ಒಂದು ಡಬ್ಬಿ ಬಣ್ಣ, ಒಂದು ಕುಂಚ ಮತ್ತು ಊರಿನ ಒಂದು ಸಂಜೆ.